ಮೂರು ಅಂಕದ ಹಾಡು

ಇಂಗ್ಲೆಂಡಿನ ದಕ್ಷಿಣ ಕಡಲ ದಂಡೆಯ ಬ್ರೈಟನ್ ಊರಿನಲ್ಲಿ ‘ಡೋಮ್’ ಎಂಬ ಸಭಾಂಗಣವಿದೆ. ಮೊದಲಿಗೆ ಅದು ಕುದುರೆ ಲಾಯ. ಮುಂದೆ ನಾಲ್ಕನೆಯ ಜಾರ್ಜ್ ಎಂಬ ಹೆಸರಿನಿಂದ ಪಟ್ಟವೇರಿದ ರಾಜಕುಮಾರ 19ನೇ ಶತಮಾನದ ಆರಂಭದಲ್ಲಿ ತನ್ನ ಕುದುರೆಗಳಿಗೆಂದು ಅದನ್ನು ಕಟ್ಟಿಸಿದ. 1815ರಲ್ಲಿ ವಾಟರ್ಲೂ ಕಾಳಗದಲ್ಲಿ ನೆಪೋಲಿಯನ್ ಸೋತಾಗ ಬ್ರಿಟನ್ನಿನ ಗದ್ದುಗೆಯ ಹೊಣೆ ಹೊತ್ತಿದ್ದವನೂ ಅವನೇ. ನೂರು ವರ್ಷ ಕಳೆದು ಮೊದಲ ಮಹಾಯುದ್ಧ ಶುರುವಾದಾಗ ಅದೇ ಗುಮ್ಮಟದ ಕೆಳಗೆ ಸಾಲುಸಾಲಾಗಿ ಮಂಚ ಹಾಕಿ, ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳಿಗೆ ಆಸ್ಪತ್ರೆ ಮಾಡಿದರು. 1974ರ ಏಪ್ರಿಲ್ 6ರ ಶನಿವಾರ ರಾತ್ರಿ ಅಲ್ಲಿ ಯೂರೋವಿಷನ್ ಹಾಡಿನ ಸ್ಪರ್ಧೆ ನಡೆಯಿತು.

ಆ ರಾತ್ರಿ ಗೆದ್ದ ಹಾಡಿನ ಹೆಸರೂ ‘ವಾಟರ್ಲೂ’. ಹಾಡಿದವರು ಸ್ವೀಡನ್ನಿನ ನಾಲ್ವರು. ತಂಡದ ಹೆಸರು ಆಬಾ. ವಾದ್ಯವೃಂದದ ನಿರ್ದೇಶಕ ನೆಪೋಲಿಯನ್ನನ ವೇಷ ತೊಟ್ಟೇ ಬಂದ, ಸಭೆ ನಕ್ಕಿತು, ಮೂರು ನಿಮಿಷದಲ್ಲಿ ಪಾಪ್ ಸಂಗೀತದ ಚರಿತ್ರೆ ಬದಲಾಯಿತು. 1974ರ ಸ್ಪರ್ಧೆಯ ಬಗ್ಗೆ ಲೋಕಕ್ಕೆ ಇರುವ ನೆನಪು ಇಷ್ಟೇ. ಆದರೆ ಆ ರಾತ್ರಿ ಕಟ್ಟಕಡೆಯಲ್ಲಿ, ಒಂದರ ಹಿಂದೊಂದರಂತೆ, ಇನ್ನೆರಡು ಪ್ರೇಮಗೀತೆಗಳು ಬಂದವು. ಹದಿನಾರನೆಯದು ಪೋರ್ಚುಗಲ್‌ನದು, ಹದಿನೇಳನೆಯದು ಇಟಲಿಯದು. ಎರಡರಲ್ಲೂ ರಾಜಕೀಯದ ಸೊಲ್ಲೇ ಇಲ್ಲ. ಆದರೂ ಒಂದನ್ನು ಅದರ ಸ್ವಂತ ದೇಶದ ಪ್ರಸಾರ ಸಂಸ್ಥೆ ಹೆದರಿ ಮುಚ್ಚಿಟ್ಟಿತು. ಇನ್ನೊಂದು, ಹದಿನೆಂಟು ದಿನ ಕಳೆದ ಮೇಲೆ, ಒಂದು ಸರ್ವಾಧಿಕಾರವನ್ನು ಉರುಳಿಸಲು ಹೊರಟ ಸೈನಿಕರಿಗೆ ಸನ್ನೆಯಾಯಿತು.

ಯೂರೋವಿಷನ್ ‘ರಾಜಕೀಯೇತರ’ ಕಾರ್ಯಕ್ರಮ ಎಂದು ಅದನ್ನು ನಡೆಸುವ ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ ಹೇಳುತ್ತ ಬಂದಿದೆ. ಇಂದಿನ ನಿಯಮಗಳಲ್ಲಿ ಅದು ಅಚ್ಚಾಗಿಯೇ ಇದೆ: ಸಾಹಿತ್ಯ, ಭಾಷಣ, ಸನ್ನೆ ಯಾವುದರಲ್ಲೂ ರಾಜಕೀಯ ಬರಕೂಡದು. ಹಾಡಿನ ಸಾಹಿತ್ಯವನ್ನು ಜರಡಿ ಹಿಡಿದರೆ ರಾಜಕೀಯ ಸೋಸಿಹೋಗುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಆ ನಂಬಿಕೆ ತಪ್ಪು ಎಂಬುದು ನನ್ನ ವಾದ. ಅದಕ್ಕೆ ಬ್ರೈಟನ್ನಿನ ರಾತ್ರಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಮೊದಲು ಸ್ಪರ್ಧೆಯ ರೀತಿ. ಯುರೋಪಿನ ಸಾರ್ವಜನಿಕ ಪ್ರಸಾರ ಸಂಸ್ಥೆಗಳು ಒಂದೊಂದು ಹಾಡು ಕಳಿಸುತ್ತವೆ. ಒಂದೇ ರಾತ್ರಿ ಎಲ್ಲ ದೇಶಗಳ ಟಿವಿಯಲ್ಲೂ ನೇರ ಪ್ರಸಾರ. ತನ್ನ ದೇಶದ ಹಾಡಿಗೆ ಯಾರೂ ಮತ ಹಾಕುವಂತಿಲ್ಲ. 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಇದು ಶುರುವಾದಾಗ ಎರಡನೆಯ ಮಹಾಯುದ್ಧ ಮುಗಿದು ಹನ್ನೊಂದು ವರ್ಷವಾಗಿತ್ತಷ್ಟೆ. ಒಬ್ಬರನ್ನೊಬ್ಬರು ಕೊಂದುಕೊಂಡಿದ್ದ ದೇಶಗಳನ್ನು ಒಂದು ಸಂಜೆಯ ಮಟ್ಟಿಗೆ ಒಂದೇ ಪರದೆಯ ಮುಂದೆ ಕೂರಿಸುವುದು ಸಣ್ಣ ಕೆಲಸವೇನಲ್ಲ. 1974ರಲ್ಲಿ ಪ್ರತಿ ದೇಶಕ್ಕೆ ಹತ್ತು ಜನ ತೀರ್ಪುಗಾರರು, ಒಬ್ಬೊಬ್ಬರಿಗೆ ಒಂದೊಂದು ಮತ. ಹದಿನೇಳು ದೇಶ, ಒಟ್ಟು 170 ಮತ. ಆಬಾಗೆ ಬಿದ್ದದ್ದು 24, ಇಟಲಿಗೆ 18. ಪೋರ್ಚುಗಲ್‌ಗೆ ಮೂರೇ ಮೂರು. ನಾರ್ವೆ, ಪಶ್ಚಿಮ ಜರ್ಮನಿ, ಸ್ವಿಟ್ಜರ್ಲೆಂಡ್‌ಗಳ ಜೊತೆ ಅದು ಪಟ್ಟಿಯ ಬುಡದಲ್ಲಿ ಕೂತಿತು. ಆತಿಥೇಯ ಬ್ರಿಟನ್ನಿನ ಹತ್ತು ತೀರ್ಪುಗಾರರಲ್ಲಿ ಒಬ್ಬರೂ ಆಬಾಗೆ ಮತ ಹಾಕಲಿಲ್ಲ ಎಂಬುದು ತೀರ್ಪುಗಾರಿಕೆ ಎಂಬ ವಿದ್ಯೆಯ ಬಗ್ಗೆ ನಾವು ನೆನಪಿಡಬೇಕಾದ ಸಂಗತಿ.

ಆ ರಾತ್ರಿ ಯುರೋಪು ಹೇಗಿತ್ತು? ಫ್ರಾನ್ಸ್ ಸ್ಪರ್ಧೆಗೆ ಬರಲೇ ಇಲ್ಲ. ಅಧ್ಯಕ್ಷ ಜಾರ್ಜ್ ಪಾಂಪಿಡೂ ಏಪ್ರಿಲ್ 2ರಂದು ತೀರಿಕೊಂಡಿದ್ದರು. ಶೋಕದಲ್ಲಿದ್ದ ದೇಶ ಹಾಡು ಕಳಿಸುವುದು ಸರಿಯಲ್ಲವೆಂದು ಗಾಯಕಿ ದಾನಿಯ ಹೆಸರನ್ನು ಹಿಂತೆಗೆದುಕೊಂಡರು. ಬಂದವರ ಪೈಕಿ ಮೂರು ದೇಶಗಳಲ್ಲಿ ಬಲಪಂಥೀಯ ಸರ್ವಾಧಿಕಾರವಿತ್ತು. ಮೊದಲ ಬಾರಿಗೆ ಭಾಗವಹಿಸಿದ ಗ್ರೀಸನ್ನು ಆಳುತ್ತಿದ್ದವರು 1967ರಲ್ಲಿ ಅಧಿಕಾರ ಕಿತ್ತುಕೊಂಡಿದ್ದ ಸೇನಾಧಿಕಾರಿಗಳು. ಸ್ಪೇನಿನಲ್ಲಿ ಫ್ರಾಂಕೊ. ಪೋರ್ಚುಗಲ್‌ನಲ್ಲಿ ಸಲಜಾರ್ ಕಟ್ಟಿದ್ದ ‘ನವರಾಜ್ಯ’, ಆಗ ಅವನ ಉತ್ತರಾಧಿಕಾರಿ ಮಾರ್ಸೆಲು ಕಾಯೆತಾನು ಕೈಯಲ್ಲಿ. ಸ್ಪೇನಿನ ಗಾಯಕ ಪೆರೆಟ್ ಹಾಡಿದ ಹಾಡಿನ ಹೆಸರಿನ ಅರ್ಥ ‘ಹಾಡು, ಸುಖವಾಗಿರು’ ಎಂದು. ಅದಕ್ಕೆ ಸುಮಾರು ಒಂದು ತಿಂಗಳ ಮೊದಲು, ಮಾರ್ಚ್ 2ರಂದು, ಬಾರ್ಸಿಲೋನಾದ ಸೆರೆಮನೆಯಲ್ಲಿ ಸಾಲ್ವಡೋರ್ ಪುಯಿಗ್ ಆಂಟಿಕ್ ಎಂಬ ಇಪ್ಪತ್ತೈದರ ತರುಣನ ಕತ್ತಿಗೆ ಕಬ್ಬಿಣದ ಪಟ್ಟಿ ಬಿಗಿದು ಮರಣದಂಡನೆ ಜಾರಿ ಮಾಡಿದ್ದರು. ‘ಸುಖವಾಗಿರು’ ಎಂಬ ಮಾತನ್ನು ಯಾವ ನಿಯಮ ತಾನೇ ತಡೆದೀತು? ಆದರೆ ಆ ತಿಂಗಳು ಬಾರ್ಸಿಲೋನಾದಲ್ಲಿ ಅದನ್ನು ಕೇಳಿಸಿಕೊಂಡ ಕಿವಿಗಳಿಗೆಲ್ಲ ಅದು ಬರೀ ಹಾಡಾಗಿ ಕೇಳಿಸಿರಲಾರದು.

ಇನ್ನು ಇಟಲಿಯ ಕಥೆ. ಜಿಲ್ಯೋಲಾ ಚಿಂಕ್ವೆತ್ತಿ ಈ ಸ್ಪರ್ಧೆಗೆ ಹೊಸಬಳಲ್ಲ. 1964ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಪ್ರೀತಿಸುವ ವಯಸ್ಸು ತನಗಿನ್ನೂ ಆಗಿಲ್ಲ ಎನ್ನುವ ಹಾಡು ಹಾಡಿ ಗೆದ್ದಿದ್ದವಳು. ಹತ್ತು ವರ್ಷ ಕಳೆದು ಬ್ರೈಟನ್ನಿಗೆ ಬಂದಾಗ ಅವಳ ಹಾಡಿನ ಹೆಸರು ‘ಸೀ’. ಇಟಾಲಿಯನ್ ಭಾಷೆಯಲ್ಲಿ ‘ಹೌದು’. ಪ್ರೀತಿಸಿದವನಿಗೆ ಒಬ್ಬ ಹೆಣ್ಣು ಕೊನೆಗೂ ಒಪ್ಪಿಗೆ ಕೊಡುತ್ತಾಳೆ, ಹಾಡಿನಲ್ಲಿರುವುದು ಅಷ್ಟೇ. ‘ಹೌದು’ ಎಂಬ ಪದ ಮತ್ತೆ ಮತ್ತೆ ಬರುತ್ತದೆ.

ಬಂದದ್ದು ಕೆಟ್ಟ ಗಳಿಗೆಯಲ್ಲಿ. 1970ರ ಕೊನೆಯಲ್ಲಿ ಇಟಲಿಯ ಸಂಸತ್ತು ವಿವಾಹ ವಿಚ್ಛೇದನವನ್ನು ಕಾನೂನುಬದ್ಧ ಮಾಡಿತ್ತು. ಕ್ಯಾಥೊಲಿಕ್ ಸಂಘಟನೆಗಳು ಅದನ್ನು ರದ್ದು ಮಾಡಿಸಲು ಹೊರಟವು, ಕ್ರಿಶ್ಚಿಯನ್ ಡೆಮಾಕ್ರಟ್ ಪಕ್ಷ ಅವರ ಬೆನ್ನಿಗೆ ನಿಂತಿತು. 1974ರ ಮೇ 12 ಮತ್ತು 13ರಂದು ಜನಮತಗಣನೆ ಗೊತ್ತಾಯಿತು. ಕಾನೂನು ರದ್ದಾಗಲಿ ಎನ್ನುವವರು ಮತಪತ್ರದಲ್ಲಿ ‘ಸೀ’ ಎಂದು ಗುರುತು ಹಾಕಬೇಕು, ಉಳಿಯಲಿ ಎನ್ನುವವರು ‘ನೋ’ ಎಂದು. ಊರೂರಿನ ಗೋಡೆಗಳ ಮೇಲೆಲ್ಲ ಈ ಎರಡು ಪದಗಳು. ಇಂಥದರಲ್ಲಿ ದೇಶದ ಮೆಚ್ಚಿನ ಗಾಯಕಿ ಟಿವಿಯಲ್ಲಿ ನಿಂತು ‘ಸೀ, ಸೀ’ ಎಂದು ಹಾಡಿದರೆ? ಸರಕಾರಿ ಪ್ರಸಾರ ಸಂಸ್ಥೆ ‘ರಾಯ್’ ಬೆವತುಹೋಯಿತು. ಸ್ಪರ್ಧೆಯ ನೇರ ಪ್ರಸಾರವನ್ನೇ ಕೈಬಿಟ್ಟಿತು. ಮತದಾನ ಮುಗಿಯುವವರೆಗೆ ಕಾರ್ಯಕ್ರಮ ಪೆಟ್ಟಿಗೆಯೊಳಗೆ ಉಳಿಯಿತು. ಹಾಡಿಗೂ ಟಿವಿ, ರೇಡಿಯೊಗಳಲ್ಲಿ ಬಾಗಿಲು ಮುಚ್ಚಿತು. ಇಟಲಿಯ ಹತ್ತು ತೀರ್ಪುಗಾರರು ಎಂದಿನಂತೆ ಮತ ಹಾಕಿದರು, ಅವರ ದೇಶದ ಹಾಡು ಎರಡನೆಯ ಸ್ಥಾನ ಪಡೆಯಿತು. ದೇಶ ಮಾತ್ರ ಅದನ್ನು ನೋಡಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆ ಇಂಥವರಿಗೇ ಹುಟ್ಟಿದ್ದು. ಆ ಹಾಡನ್ನು ಯಾರೂ ಪ್ರಚಾರಗೀತೆ ಎಂದಿರಲಿಲ್ಲ, ಬರೆದವರಿಗೂ ಹಾಡಿದವಳಿಗೂ ಆ ಉದ್ದೇಶವಿರಲಿಲ್ಲ. ಅದನ್ನು ರಾಜಕೀಯ ಮಾಡಿದ್ದು ತಡೆದ ಕೈ. ಪ್ರಸಾರ ಮಾಡಿದ್ದರೆ ಮೂರು ನಿಮಿಷದಲ್ಲಿ ಮರೆತುಹೋಗುತ್ತಿದ್ದ ಒಂದು ಪ್ರೇಮಗೀತೆ, ತಡೆದದ್ದರಿಂದ ಐವತ್ತು ವರ್ಷ ಕಳೆದರೂ ಮಾತಿನಲ್ಲಿ ಉಳಿಯಿತು. ತುರ್ತುಪರಿಸ್ಥಿತಿಯಲ್ಲಿ ಕಿಶೋರ್ ಕುಮಾರನ ಹಾಡುಗಳನ್ನು ಆಕಾಶವಾಣಿ ನಿಲ್ಲಿಸಿದ್ದನ್ನು ಕಂಡ ನಮಗೆ ಇದು ಅರ್ಥವಾಗದ ವಿಷಯವಲ್ಲ. ಅಂದಹಾಗೆ, ಮತಗಣನೆಯಲ್ಲಿ ಸುಮಾರು ಶೇಕಡಾ 59ರಷ್ಟು ಮಂದಿ ‘ನೋ’ ಎಂದರು. ವಿಚ್ಛೇದನದ ಕಾನೂನು ಉಳಿಯಿತು. ಹದಿನೆಂಟು ಅಂಶಗಳಷ್ಟು ದೊಡ್ಡ ಅಂತರವನ್ನು ಒಂದು ಹಾಡು ತುಂಬುತ್ತಿತ್ತು ಎಂದು ನಂಬಲು ಬಲು ದೊಡ್ಡ ಭಯ ಬೇಕು.

ಪೋರ್ಚುಗಲ್‌ನ ಕಥೆ ಇದರ ತಿರುವುಮುರುವು. ಪಾವುಲು ದಿ ಕರ್ವಾಲು ಹಾಡಿದ ‘ಇ ದೆಪೋಯಿಶ್ ದು ಅದೆವುಶ್’ ಎಂಬ ಹೆಸರಿಗೆ ‘ಮತ್ತೆ, ವಿದಾಯದ ನಂತರ’ ಎಂದರ್ಥ. ಪ್ರೀತಿ ಮುಗಿದ ಮೇಲೆ ಒಂಟಿಯಾಗಿ ಉಳಿದ ಗಂಡಸಿನ ಅಳಲು. ಸೆನ್ಸಾರಿನವರು ಎರಡನೆಯ ಸಲ ಓದಬೇಕಾದ ಸಾಲು ಅದರಲ್ಲಿ ಒಂದೂ ಇಲ್ಲ. ಈ ಮಾತಿಗೆ ತೂಕ ಬರುವುದು ಅದರ ಹಿಂದಿನ ವರ್ಷದ ಹಾಡನ್ನು ನೆನೆದಾಗ. 1973ರಲ್ಲಿ ಪೋರ್ಚುಗಲ್ ಕಳಿಸಿದ್ದು ಗೂಳಿಕಾಳಗದ ಮೇಲಿನ ಹಾಡು. ಬರೆದವರು ಕವಿ ಅರಿ ದುಶ್ ಸಾಂತುಶ್. ಮೇಲ್ನೋಟಕ್ಕೆ ಗೂಳಿ, ಮೈದಾನ, ಗದ್ದಲ. ಒಳಗೆಲ್ಲ ಆಡಳಿತದ ಲೇವಡಿ. ಅದು ಸೆನ್ಸಾರನ್ನು ದಾಟಿ ಯುರೋಪಿನ ವೇದಿಕೆಗೂ ಹೋಯಿತು. ರಾಜಕೀಯ ತುಂಬಿದ್ದ ಹಾಡಿನಿಂದ ಯಾವ ಗೋಡೆಯೂ ಬೀಳಲಿಲ್ಲ. ರಾಜಕೀಯವೇ ಇಲ್ಲದ ಹಾಡು ಮರುವರ್ಷ ಆ ಕೆಲಸಕ್ಕೆ ಒದಗಿತು.

ಹೇಗೆ? ಪೋರ್ಚುಗಲ್ 1961ರಿಂದ ಅಂಗೋಲ, ಗಿನಿ, ಮೊಜಾಂಬಿಕ್‌ಗಳಲ್ಲಿ ಒಂದಾದಮೇಲೊಂದು ವಸಾಹತು ಯುದ್ಧಗಳನ್ನು ನಡೆಸುತ್ತಿತ್ತು. ಗೆಲ್ಲಲಾಗದ ಯುದ್ಧಕ್ಕೆ ಮತ್ತೆ ಮತ್ತೆ ಹೋಗಿ ಬೇಸತ್ತ ನಡುಮಟ್ಟದ ಅಧಿಕಾರಿಗಳು, ಹೆಚ್ಚಿನವರು ಕ್ಯಾಪ್ಟನ್ನರು, ‘ಸಶಸ್ತ್ರ ಪಡೆಗಳ ಚಳವಳಿ’ ಕಟ್ಟಿದರು. ದೇಶದ ಬೇರೆ ಬೇರೆ ಸೇನಾನೆಲೆಗಳು ಒಂದೇ ಗಳಿಗೆಯಲ್ಲಿ ಹೊರಡಬೇಕು. ಟೆಲಿಫೋನಿನಲ್ಲಿ ಮಾತಾಡಿದರೆ ಗುಪ್ತ ಪೊಲೀಸರು ಕೇಳಿಸಿಕೊಳ್ಳುತ್ತಾರೆ. ರೇಡಿಯೊ ಆದರೆ ಎಲ್ಲರ ಮನೆಯಲ್ಲೂ ಇದೆ, ಯಾರೂ ಅನುಮಾನ ಪಡುವುದಿಲ್ಲ. ದಂಗೆಯ ಯೋಜನೆ ಹೊಣೆ ಹೊತ್ತಿದ್ದ ಮೇಜರ್ ಒತೆಲು ಸರಾಯ್ವಾ ದಿ ಕರ್ವಾಲು ಲಿಸ್ಬನ್ನಿನ ಪೊಂತಿನ್ಯ ಬ್ಯಾರಕ್ಕಿನಲ್ಲಿ ತನ್ನ ಸಂಗಡಿಗರೊಂದಿಗೆ ರೇಡಿಯೊ ಮುಂದೆ ಕೂತ. ಏಪ್ರಿಲ್ 24ರ ರಾತ್ರಿ ಹತ್ತು ಗಂಟೆ ಐವತ್ತೈದು ನಿಮಿಷ. ಲಿಸ್ಬನ್ನಿನ ಒಂದು ಕೇಂದ್ರದ ಉದ್ಘೋಷಕ ಗಂಟೆ ಎಷ್ಟೆಂದು ಹೇಳಿದ, ಗಾಯಕನ ಹೆಸರು ಹೇಳಿದ, ಯೂರೋವಿಷನ್ ಹಾಡಿನ ತಟ್ಟೆಯ ಮೇಲೆ ಮುಳ್ಳು ಇಟ್ಟ. ಊಟ ಮುಗಿಸಿ ಮಲಗಲು ಹೊರಟಿದ್ದ ಲಿಸ್ಬನ್ನಿಗರಿಗೆ ಅದು ಮೊನ್ನೆ ಮೊನ್ನೆ ಸೋತುಬಂದ ಹಾಡು. ಬ್ಯಾರಕ್ಕುಗಳಲ್ಲಿ ಕಾದಿದ್ದವರಿಗೆ ಅದರ ಅರ್ಥ: ತಯಾರಾಗಿ.

ಮಧ್ಯರಾತ್ರಿ ದಾಟಿ ಇಪ್ಪತ್ತು ನಿಮಿಷಕ್ಕೆ ರೇಡಿಯೊ ರೆನಸೆನ್ಸಾದಲ್ಲಿ ಎರಡನೆಯ ಸನ್ನೆ ಬಂತು: ಜೋಸೆ ಅಫೊನ್ಸು ಹಾಡಿದ ‘ಗ್ರಾಂದೊಲಾ, ವಿಲಾ ಮೊರೆನಾ’. ಅದರ ಅರ್ಥ: ಹೊರಡಿ, ಇನ್ನು ಹಿಂದಿರುಗುವಂತಿಲ್ಲ. ಸಾಂತರೇಮ್ ಊರಿನಿಂದ ಕ್ಯಾಪ್ಟನ್ ಸಲ್ಗೇಯ್ರು ಮಾಯಾ ಶಸ್ತ್ರಸಜ್ಜಿತ ವಾಹನಗಳೊಡನೆ ರಾಜಧಾನಿಗೆ ಬಂದ. ಮಾರನೆಯ ಸಂಜೆಯೊಳಗೆ ಕಾರ್ಮು ಠಾಣೆಯಲ್ಲಿ ಅಡಗಿದ್ದ ಕಾಯೆತಾನು ಶರಣಾದ. ಬಂದೂಕಿನ ನಳಿಗೆಗೆ ಜನ ಕೆಂಪು ಕಾರ್ನೇಷನ್ ಹೂ ಸಿಕ್ಕಿಸಿದರು. ಅಂದು ಬೀದಿಯ ಜನರಲ್ಲಿ ನಾಲ್ವರು ಸತ್ತರು. ನಾಲ್ವರೂ ಬಿದ್ದದ್ದು ಗುಪ್ತ ಪೊಲೀಸರ ಗುಂಡಿಗೆ. ನಾಲ್ಕು ದಶಕ ಬೇರುಬಿಟ್ಟಿದ್ದ ಆಡಳಿತ ಒಂದು ದಿನದಲ್ಲಿ ಮುಗಿಯಿತು.

ಈ ಕಥೆಯ ಒಂದು ಎಳೆ ನಮ್ಮ ಕರಾವಳಿಗೂ ಬರುತ್ತದೆ. ಕಾರವಾರದ ದಂಡೆಯಲ್ಲಿ ನಿಂತರೆ ಕಾಣುವ ಅಂಜುದೀವ ದ್ವೀಪ 1961ರ ಡಿಸೆಂಬರಿನವರೆಗೆ ಪೋರ್ಚುಗೀಸರದಾಗಿತ್ತು. ಭಾರತೀಯ ಸೇನೆ ಗೋವಾಕ್ಕೆ ನುಗ್ಗಿದಾಗ, ಕೊನೆಯ ಉಸಿರಿನವರೆಗೆ ಹೋರಾಡಿ ಸಾಯಿರಿ ಎಂದು ಸಲಜಾರ್ ಲಿಸ್ಬನ್ನಿನಿಂದ ಅಪ್ಪಣೆ ಕಳಿಸಿದ. ಗೋವಾದ ಗವರ್ನರ್ ಜನರಲ್ ವಸಾಲು ಇ ಸಿಲ್ವಾ ಆ ಹುಚ್ಚಿಗೆ ತನ್ನ ಸೈನಿಕರನ್ನು ಬಲಿ ಕೊಡದೆ ಶರಣಾದ. ಅದಕ್ಕಾಗಿ ಅವನನ್ನು ಸೇನೆಯಿಂದ ಹೊರಹಾಕಿದರು. ಗೋವಾ ಕೈಬಿಟ್ಟು ಹೋದದ್ದನ್ನು ಆ ಆಡಳಿತ ಕಾಗದದ ಮೇಲೆ ಎಂದೂ ಒಪ್ಪಲಿಲ್ಲ. ಒಪ್ಪಿದ್ದು ಕಾರ್ನೇಷನ್ ಕ್ರಾಂತಿಯ ನಂತರ. 1974ರ ಡಿಸೆಂಬರ್ 31ರಂದು ದೆಹಲಿಯಲ್ಲಿ ಪೋರ್ಚುಗಲ್‌ನ ವಿದೇಶಾಂಗ ಸಚಿವ ಮಾರಿಯು ಸುವಾರೆಸ್ ಮತ್ತು ನಮ್ಮ ಯಶವಂತರಾವ್ ಚವಾಣ್ ಒಪ್ಪಂದಕ್ಕೆ ಸಹಿ ಹಾಕಿದರು. ವಸಾಲು ಇ ಸಿಲ್ವಾನಿಗೂ ಅವನ ಹುದ್ದೆಯ ಮಾನ ಮರಳಿ ಸಿಕ್ಕಿತು.

ಇಲ್ಲಿ ಓದುಗರಿಗೆ ಒಂದು ಪ್ರಶ್ನೆ ಏಳಬೇಕು, ಏಳುವುದು ನ್ಯಾಯವೇ. ಪಾವುಲುವಿನ ಹಾಡು ಬರೀ ಗಡಿಯಾರದ ಗಂಟೆಯಂತೆ ಬಳಕೆಯಾಯಿತಲ್ಲ? ಅದರ ಬದಲು ಸಾಬೂನಿನ ಜಾಹೀರಾತೋ ಹವಾಮಾನ ವರದಿಯೋ ಆಗಿದ್ದರೂ ಸೈನಿಕರು ಹೊರಡುತ್ತಿದ್ದರು. ಹಾಗಾದರೆ ಹಾಡಿಗೂ ಕ್ರಾಂತಿಗೂ ಏನು ನಂಟು? ಸನ್ನೆಯನ್ನು ತೂಕಹಾಕಿ ‘ರಾಜಕೀಯ ಹಾಡು’ ಎನ್ನುವುದು ಹೆಚ್ಚಾಯಿತಲ್ಲವೇ?

ಈ ಆಕ್ಷೇಪದಲ್ಲಿ ಅರ್ಧ ನಿಜವಿದೆ. ಹಾಡಿನ ಅರ್ಥ ಸೈನಿಕರಿಗೆ ಬೇಕಿರಲಿಲ್ಲ. ಆದರೆ ಈ ಹಾಡನ್ನೇ ಏಕೆ ಆರಿಸಿದರು ಎಂದು ಕೇಳಿದರೆ ಉಳಿದರ್ಧ ಕಾಣುತ್ತದೆ. ದಂಗೆಕೋರರ ಮನಸ್ಸಿನಲ್ಲಿ ಮೊದಲಿದ್ದದ್ದು ಜೋಸೆ ಅಫೊನ್ಸುವಿನದೇ ಇನ್ನೊಂದು ಹಾಡು. ಅವನ ಎಷ್ಟೋ ಹಾಡುಗಳು ನಿಷೇಧದ ಪಟ್ಟಿಯಲ್ಲಿದ್ದವು. ಅಂಥದೊಂದನ್ನು ರಾತ್ರಿ ಹನ್ನೊಂದರ ಹೊತ್ತಿಗೆ ಹಾಕಿದರೆ ಗುಪ್ತ ಪೊಲೀಸರ ಕಿವಿ ನಿಮಿರುತ್ತದೆ, ಕೇಂದ್ರದ ಬಾಗಿಲು ತಟ್ಟಲು ಹತ್ತು ನಿಮಿಷ ಸಾಕು. ಆದ್ದರಿಂದ ಮೊದಲ ಸನ್ನೆಗೆ ಬೇಕಾದ ಅರ್ಹತೆ ಒಂದೇ: ಆ ಹಾಡು ನಿರಪರಾಧಿ ಎಂದು ಎಲ್ಲರೂ ನಂಬಿರಬೇಕು. ದೇಶದ ಸ್ಪರ್ಧೆಯಲ್ಲಿ ಗೆದ್ದು, ಸೆನ್ಸಾರ್ ದಾಟಿ, ಯುರೋಪಿನ ‘ರಾಜಕೀಯೇತರ’ ವೇದಿಕೆಯಲ್ಲಿ ನಿಂತು, ಸೋತೂ ಬಂದ ಪ್ರೇಮಗೀತೆಗಿಂತ ದೊಡ್ಡ ನಿರಪರಾಧಿ ಎಲ್ಲಿ ಸಿಕ್ಕಬೇಕು? ಸೆನ್ಸಾರು ಕೊಟ್ಟ ಒಳ್ಳೆಯ ನಡತೆಯ ಸರ್ಟಿಫಿಕೇಟೇ ಅದಕ್ಕೆ ರಹದಾರಿಯಾಯಿತು. ರಾಜಕೀಯವಿಲ್ಲದ್ದೇ ಅದರ ರಾಜಕೀಯ ಬಲ.

ಈಗ ಎರಡು ಹಾಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಪ್ರೇಮಗೀತೆ, ಒಂದೇ ವೇದಿಕೆ, ಒಂದೇ ರಾತ್ರಿ, ನಡುವೆ ನಾಲ್ಕೈದು ನಿಮಿಷ. ಸಾಹಿತ್ಯ ಪರೀಕ್ಷಕರು ಎರಡನ್ನೂ ಒಂದೇ ಮೊಹರಿನಿಂದ ಪಾಸು ಮಾಡುತ್ತಿದ್ದರು. ಪ್ರಜಾಪ್ರಭುತ್ವವಿದ್ದ ಇಟಲಿ ತನ್ನ ಹಾಡಿಗೆ ಹೆದರಿತು. ಸರ್ವಾಧಿಕಾರವಿದ್ದ ಪೋರ್ಚುಗಲ್ ತನ್ನ ಹಾಡನ್ನು ನಂಬಿತು. ಎರಡರ ಎಣಿಕೆಯೂ ತಪ್ಪಿತು. ಹೆದರಿಸಬಾರದ್ದು ಹೆದರಿಸಿತು, ನಂಬಬಾರದ್ದು ನಂಬಿಸಿತು. ತಪ್ಪಿದ್ದು ಏಕೆಂದರೆ ಇಬ್ಬರೂ ರಾಜಕೀಯವನ್ನು ಹುಡುಕಿದ್ದು ಪದಗಳಲ್ಲಿ. ಅದು ಇದ್ದದ್ದು ಕೇಳುವವರ ಕಿವಿಯಲ್ಲಿ, ಕ್ಯಾಲೆಂಡರಿನ ದಿನಾಂಕದಲ್ಲಿ, ಹಾಡನ್ನು ಹಾಕುವ ಅಥವಾ ನಿಲ್ಲಿಸುವ ಕೈಯಲ್ಲಿ. ಮದುವೆ ಮನೆಯಲ್ಲಿ ಓಲಗ, ಶವಯಾತ್ರೆಯಲ್ಲೂ ಓಲಗ. ಊದುವವನೂ ಅವನೇ ಇರಬಹುದು. ಬೀದಿಯಲ್ಲಿ ನಿಂತವನಿಗೆ ಯಾವುದು ಯಾವುದೆಂದು ಯಾರೂ ಹೇಳಿಕೊಡಬೇಕಿಲ್ಲ.

ಬಿಗಿ ಸೆನ್ಸಾರು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಅದು ಬಾಯಿಗಳನ್ನು ಮುಚ್ಚಿದಷ್ಟೂ ಕಿವಿಗಳನ್ನು ಚುರುಕು ಮಾಡುತ್ತದೆ. ‘ಗ್ರಾಂದೊಲಾ’ ಹಾಡಿನಲ್ಲೂ ಬಂಡಾಯದ ಕೂಗೇನಿಲ್ಲ. ಒಂದು ಊರಿನ ಸೋದರತ್ವದ ಹೊಗಳಿಕೆ, ಅಷ್ಟೆ. 1974ರ ಮಾರ್ಚ್ ಕೊನೆಯಲ್ಲಿ ಲಿಸ್ಬನ್ನಿನ ಒಂದು ದೊಡ್ಡ ಸಂಗೀತ ಕಚೇರಿಯಲ್ಲಿ ಅಫೊನ್ಸುವಿನ ಹಲವು ಹಾಡುಗಳಿಗೆ ಸೆನ್ಸಾರು ಅನುಮತಿ ಕೊಡದೆ ಇದೊಂದಕ್ಕೆ ಕೊಟ್ಟಿತು. ತುಂಬಿದ ಸಭೆ ಅದನ್ನೇ ಎದ್ದುನಿಂತು ಒಕ್ಕೊರಲಿನಿಂದ ಹಾಡಿತು. ಪದಗಳನ್ನು ಸೋಸಿದವರಿಗೆ ಆ ಕೊರಲನ್ನು ಸೋಸುವ ಜರಡಿ ಸಿಗಲಿಲ್ಲ.

ಇನ್ನು ಗೆದ್ದ ಹಾಡು. ‘ವಾಟರ್ಲೂ’ ಸಾವಿರಾರು ಸೈನಿಕರು ಸತ್ತ ಕಾಳಗವನ್ನು ಪ್ರೀತಿಯಲ್ಲಿ ಸೋತ ಹುಡುಗಿಗೆ ಹೋಲಿಕೆಯಾಗಿ ಬಳಸಿತು. 159 ವರ್ಷ ಕಳೆದಿದ್ದರಿಂದ ಯಾರಿಗೂ ನೋವಾಗಲಿಲ್ಲ. ಕಾಲ ಕಳೆದರೆ ಯುದ್ಧವೂ ಅಲಂಕಾರವಾಗುತ್ತದೆ. ಇದೂ ರಾಜಕೀಯ ಎಲ್ಲಿರುತ್ತದೆ ಎಂಬುದಕ್ಕೆ ಒಂದು ಸುಳಿವೇ. ಆದರೆ ಆಬಾದ ನಿಜವಾದ ಜಗಳ ಮನೆಯಲ್ಲೇ ಕಾದಿತ್ತು. ಸ್ವೀಡನ್ನಿನ ಎಡಪಂಥೀಯ ಸಂಗೀತಗಾರರಿಗೆ ಮಿರುಗುವ ಬಟ್ಟೆಯ ಈ ತಂಡ ಹಾಡನ್ನು ಬರೀ ಸರಕು ಮಾಡಿದೆ ಎನ್ನುವ ಸಿಟ್ಟು. 1975ರಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ಪರ್ಧೆ ನಡೆದಾಗ ಅವರು ಅದೇ ಊರಿನಲ್ಲಿ ಪರ್ಯಾಯ ಸಂಗೀತೋತ್ಸವ ನಡೆಸಿದರು. 1976ರಲ್ಲಿ ಸ್ವೀಡನ್ ಸ್ಪರ್ಧೆಗೇ ಹೋಗಲಿಲ್ಲ.

ಅದಕ್ಕಿಂತ ದೂರ ಹೋದದ್ದು ಭಾಷೆಯ ಪ್ರಶ್ನೆ. ಫೆಬ್ರುವರಿಯಲ್ಲಿ ಸ್ವೀಡನ್ನಿನ ಆಯ್ಕೆ ಸುತ್ತಿನಲ್ಲಿ ಆಬಾ ಇದೇ ಹಾಡನ್ನು ಸ್ವೀಡಿಷ್‌ನಲ್ಲಿ ಹಾಡಿತ್ತು. ಬ್ರೈಟನ್ನಿಗೆ ಬರುವಾಗ ಅದು ಇಂಗ್ಲಿಷಾಯಿತು. ತಂತಮ್ಮ ದೇಶದ ಭಾಷೆಯಲ್ಲೇ ಹಾಡಬೇಕು ಎಂಬ ಕಟ್ಟುಪಾಡು 1966ರಲ್ಲಿ ಬಂದಿತ್ತು. 1973ರಲ್ಲಿ ಅದನ್ನು ಸಡಿಲಿಸಿದ್ದರು. 1977ರಲ್ಲಿ ಮತ್ತೆ ಹೇರಿದರು, 1999ರಲ್ಲಿ ಕೈಬಿಟ್ಟರು. ಅಲ್ಲಿಂದ ಮುಂದೆ ಬಹುತೇಕ ದೇಶಗಳು ಇಂಗ್ಲಿಷಿಗೇ ಮೊರೆಹೋದವು. ಯಾವ ಭಾಷೆಯಲ್ಲಿ ಹಾಡಬೇಕು ಎಂಬುದನ್ನು ‘ರಾಜಕೀಯ’ ಎಂದು ಸ್ಪರ್ಧೆಯ ಯಾವ ಪರೀಕ್ಷಕರೂ ಗುರುತಿಸುವುದಿಲ್ಲ. ಆದರೆ 1968ರಲ್ಲಿ ಸ್ಪೇನಿನ ಗಾಯಕ ಜುವಾನ್ ಮನುಯೆಲ್ ಸೆರ್ರಾಟ್ ತಾನು ಕೆಟಲಾನ್ ಭಾಷೆಯಲ್ಲಿ ಹಾಡುತ್ತೇನೆ ಎಂದಾಗ ಫ್ರಾಂಕೊನ ಟಿವಿ ಅವನನ್ನು ತೆಗೆದು ಬೇರೆಯವಳನ್ನು ಕಳಿಸಿತು. ಆ ಹಾಡಿನ ಹೆಸರು ‘ಲಾ, ಲಾ, ಲಾ’. ಅರ್ಥವೇ ಇಲ್ಲದ ಮೂರು ಅಕ್ಷರದ ಹೆಸರಿನ ಹಾಡಿಗೂ ಭಾಷೆಯ ಜಗಳ ತಪ್ಪಲಿಲ್ಲ. ಮಕ್ಕಳು ಶಾಲೆಯಲ್ಲಿ ಯಾವ ಭಾಷೆಯಲ್ಲಿ ಕಲಿಯಬೇಕು ಎಂಬುದಕ್ಕೆ ಬೀದಿಗಿಳಿದ ನೆನಪಿರುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಿದ್ದರೆ ನಿಯಮವನ್ನೇ ಎತ್ತಿಹಾಕೋಣವೇ? ವೇದಿಕೆ ಪಕ್ಷಗಳ ಭಾಷಣಕ್ಕೂ ಸರಕಾರಗಳ ಡಂಗುರಕ್ಕೂ ತೆರೆದುಕೊಳ್ಳಲಿ ಎನ್ನೋಣವೇ? ಹಾಗೆ ಹೇಳುವವನು ನಾನಲ್ಲ. ಹಗೆ ಸಾಧಿಸುವ ಎರಡು ದೇಶಗಳು ಒಂದೇ ಸಭಾಂಗಣದಲ್ಲಿ ಕೂರಬೇಕಾದರೆ ಇಬ್ಬರೂ ಬಾಗಿಲಲ್ಲಿ ಏನನ್ನೋ ಕಳಚಿಟ್ಟು ಬರಬೇಕು. ಸಾವಿನ ಮನೆಯಲ್ಲಿ ಆಸ್ತಿ ಪಾಲಿನ ಮಾತು ಎತ್ತುವುದಿಲ್ಲವಲ್ಲ, ಹಾಗೆ. ಜಗಳ ಇಲ್ಲವೆಂದಲ್ಲ, ಈಗ ಬೇಡವೆಂದು. ಆ ಅರ್ಥದಲ್ಲಿ ನಿಯಮ ಒಂದು ಮರ್ಯಾದೆ. ಮರ್ಯಾದೆಯಾಗಿ ಅದು ಉಳಿಯಲಿ. ಅದನ್ನು ಸತ್ಯ ಎಂದು ನಂಬಿಸಲು ಹೊರಟಾಗ ನನ್ನ ತಕರಾರು ಶುರು.

ಇತ್ತೀಚಿನ ವರ್ಷಗಳು ಈ ತಕರಾರಿಗೆ ಬಲ ಕೊಟ್ಟಿವೆ. 2009ರಲ್ಲಿ ಜಾರ್ಜಿಯಾ ಕಳಿಸಿದ ಹಾಡಿನಲ್ಲಿ ಪುಟಿನ್ ಹೆಸರಿನ ಶ್ಲೇಷೆಯಿದೆ ಎಂದು ಅದನ್ನು ಬದಲಿಸಲು ಹೇಳಿದರು. ಜಾರ್ಜಿಯಾ ಸ್ಪರ್ಧೆಯಿಂದ ಹಿಂದೆ ಸರಿಯಿತು. 2016ರಲ್ಲಿ ಉಕ್ರೇನಿನ ಜಮಾಲಾ ‘1944’ ಎಂಬ ಹಾಡು ಹಾಡಿದಳು. ಸ್ಟಾಲಿನ್ ಕ್ರಿಮಿಯಾದ ತಾತಾರರನ್ನು ಗಡೀಪಾರು ಮಾಡಿದ ವರ್ಷ ಅದು. ರಷ್ಯಾ ಕ್ರಿಮಿಯಾವನ್ನು ವಶಪಡಿಸಿಕೊಂಡು ಎರಡೇ ವರ್ಷವಾಗಿತ್ತು. ಅದು ರಾಜಕೀಯವಲ್ಲ, ಇತಿಹಾಸ ಎಂದು ಒಪ್ಪಿಕೊಂಡರು, ಹಾಡು ಗೆದ್ದಿತು. 2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿಗೆ ನುಗ್ಗಿದ ದಿನ, ಇದು ರಾಜಕೀಯೇತರ ಕಾರ್ಯಕ್ರಮ, ರಷ್ಯಾವೂ ಭಾಗವಹಿಸಬಹುದು ಎಂದರು. ಹಲವು ದೇಶಗಳ ಪ್ರಸಾರ ಸಂಸ್ಥೆಗಳು ತಿರುಗಿಬಿದ್ದವು. ಮರುದಿನವೇ ರಷ್ಯಾವನ್ನು ಹೊರಗಿಟ್ಟರು. ಹೊರಗಿಟ್ಟದ್ದು ಸರಿಯೇ. ಆದರೆ ಒಂದೇ ದಿನದಲ್ಲಿ ಬದಲಾದದ್ದು ಯಾವ ಹಾಡಿನ ಸಾಲೂ ಅಲ್ಲ. ಆಬಾ ಗೆದ್ದು ಐವತ್ತು ವರ್ಷ ತುಂಬಿದ 2024ರಲ್ಲಿ, ಸ್ವೀಡನ್ನಿನ ಮಾಲ್ಮೊ ನಗರದಲ್ಲಿ, ಇಸ್ರೇಲಿನ ಹಾಡಿನ ಹೆಸರು, ಸಾಹಿತ್ಯ ಎರಡನ್ನೂ ತಿದ್ದಿಸಿ ಒಳಗೆ ಬಿಟ್ಟರು. ಸಭಾಂಗಣದ ಹೊರಗೆ ಗಾಜಾ ಯುದ್ಧದ ವಿರುದ್ಧ ಸೇರಿದ್ದ ಸಾವಿರಾರು ಜನ ಆ ತಿದ್ದುಪಡಿ ಓದಿ ಮನೆಗೆ ಹೋಗಲಿಲ್ಲ.

ಒಂದೊಂದು ತೀರ್ಮಾನಕ್ಕೂ ಸಮರ್ಥನೆ ಇರಬಹುದು. ಎಲ್ಲವನ್ನೂ ಒಟ್ಟಿಗೆ ಹಿಡಿದು ನೋಡಿದರೆ ಗೊತ್ತಾಗುವುದು ಇಷ್ಟು: ಯಾರು ವೇದಿಕೆ ಹತ್ತಬೇಕು, ಯಾರು ಇಳಿಯಬೇಕು ಎಂದು ನಿರ್ಧರಿಸುವ ಕೆಲಸವೇ ರಾಜಕೀಯ. ಆ ಕೆಲಸ ಮಾಡುವವರು ತಮ್ಮ ಕೈಯನ್ನು ಬಿಟ್ಟು ಗಾಯಕರ ಬಾಯಿಯನ್ನು ಪರೀಕ್ಷಿಸುತ್ತಿದ್ದಾರೆ. 1974ರಲ್ಲಿ ರಾಯ್ ಮಾಡಿದ್ದೂ ಅದನ್ನೇ. ಪ್ರಸಾರ ಸಂಸ್ಥೆಗಳು ತಾವು ಏಕೆ ಒಂದು ಹಾಡನ್ನು ತಡೆದೆವು, ಏಕೆ ಒಂದು ದೇಶವನ್ನು ಬಿಟ್ಟೆವು ಎಂದು ಕಾರಣ ಕೊಟ್ಟು ಹೇಳಲಿ. ಆ ಕಾರಣವನ್ನು ನಾವು ಒಪ್ಪಬಹುದು, ಜಗಳವಾಡಬಹುದು. ‘ಇಲ್ಲಿ ರಾಜಕೀಯವಿಲ್ಲ’ ಎಂಬ ಮಾತಿನೊಡನೆ ಜಗಳವಾಡಲು ಆಗುವುದಿಲ್ಲ. ಅದಕ್ಕೇ ಅಧಿಕಾರದಲ್ಲಿರುವವರಿಗೆ ಆ ಮಾತು ಅಷ್ಟು ಇಷ್ಟ.

1975ರಲ್ಲಿ ಪೋರ್ಚುಗಲ್ ಸ್ಟಾಕ್‌ಹೋಮಿಗೆ ಕಳಿಸಿದ್ದು ದಂಗೆಯಲ್ಲಿ ಭಾಗವಹಿಸಿದ್ದ ಸೇನಾಧಿಕಾರಿಯನ್ನೇ. ದುವಾರ್ತೆ ಮೆಂದಿಶ್ ಎದೆಗೆ ಕಾರ್ನೇಷನ್ ಸಿಕ್ಕಿಸಿಕೊಂಡು ‘ನಸುಕು’ ಎಂಬ ಹೆಸರಿನ ಹಾಡು ಹಾಡಿದ. ಕ್ರಾಂತಿಯ ಬೆಳಗನ್ನು ಕುರಿತು ಬಾಯಿಬಿಟ್ಟು ಹೇಳಿದ ಹಾಡು. ಅದೂ ಪಟ್ಟಿಯ ಕೆಳಗೇ ಉಳಿಯಿತು, ಇಂದು ಅದನ್ನು ನೆನೆಯುವವರೂ ಕಡಿಮೆ. ಬ್ರೈಟನ್ನಿನ ರಾತ್ರಿ ಭಾಗವಹಿಸಿದ್ದ ಆ ಮೂರು ಬಲಪಂಥೀಯ ಸರ್ವಾಧಿಕಾರಗಳ ಪೈಕಿ ಮೊದಲನೆಯದು ಹದಿನೆಂಟು ದಿನಕ್ಕೆ ಕುಸಿಯಲಾರಂಭಿಸಿತು. ಗ್ರೀಸಿನದು ಅದೇ ಜುಲೈಯಲ್ಲಿ, ಸೈಪ್ರಸ್ ದ್ವೀಪದಲ್ಲಿ ದಂಗೆ ಎಬ್ಬಿಸಿದ ಸಾಹಸ ಕೈಕೊಟ್ಟ ಮೇಲೆ. ಸ್ಪೇನಿನಲ್ಲಿ 1975ರ ನವೆಂಬರಿನಲ್ಲಿ ಫ್ರಾಂಕೊ ಸತ್ತ. ಆ ಮೂರು ದೇಶಗಳು ಕಳಿಸಿದ ಹಾಡುಗಳಲ್ಲಿ ಒಂದರಲ್ಲೂ ತಪ್ಪು ಹಿಡಿಯುವಂಥ ಪದವಿರಲಿಲ್ಲ.

ಸ್ಪರ್ಧೆಯ ದಾಖಲೆಯಲ್ಲಿ ಪಾವುಲು ದಿ ಕರ್ವಾಲುವಿನ ಹಾಡಿನ ಮುಂದೆ ಇವತ್ತಿಗೂ ಇರುವುದು ಇಷ್ಟೇ: ಸ್ಥಾನ ಹದಿನಾಲ್ಕು, ಅಂಕ ಮೂರು.